ಫೋನಿಗೆ ಸಿಗದ ಮೂರನೇ ಸದ್ದು

2020ರ ಲಾಕ್‌ಡೌನ್‌ನಲ್ಲಿ ನಮ್ಮಕ್ಕನ ಮಗಳು ಮೈಸೂರಿನ ಹಾಸ್ಟೆಲ್ ಖಾಲಿ ಮಾಡಿಕೊಂಡು ಮದ್ದೂರಿನ ಹತ್ತಿರದ ನಮ್ಮೂರಿಗೆ ಬಂದಳು. ಎಂಬಿಬಿಎಸ್ ಎರಡನೇ ವರ್ಷ. ನೆಟ್‌ವರ್ಕ್ ಸಿಗುತ್ತಿದ್ದುದು ತಾರಸಿಯ ನೀರಿನ ಟ್ಯಾಂಕ್ ಪಕ್ಕ ಮಾತ್ರ. ಒಂದು ದಿನ ಫೋನಿನಲ್ಲಿ ಕ್ಲಾಸ್ ಕೇಳುತ್ತಾ ಅಲ್ಲಿಂದಲೇ ಕೂಗಿದಳು: "ಮಾವ, ಹೃದಯದ ಮೂರನೇ ಸದ್ದು ಕೇಳಿಸ್ಕೊಳಿ ಅಂತಾರೆ ಸರ್. ನಂಗೇನೂ ಕೇಳಿಸ್ತಿಲ್ಲ!" ನಾನು ನೆಟ್‌ವರ್ಕನ್ನು ಬೈದೆ. ಪಾಪ, ಅದರದೇನೂ ತಪ್ಪಿರಲಿಲ್ಲ.

ಹೃದಯದ ಮೊದಲೆರಡು ಸದ್ದಾದ ಲಬ್-ಡಬ್ ಎನ್ನುವುದು ತಗ್ಗಿನ ಸ್ವರದ ಸದ್ದು, ಬಹುಪಾಲು 150 ಹರ್ಟ್ಸ್‌ಗಿಂತ (ಸೆಕೆಂಡಿಗೆ 150 ಕಂಪನ) ಕೆಳಗಿನದು. ಸೋತ ಹೃದಯದ ಸುಳಿವು ಕೊಡುವ ಮೂರನೇ ಸದ್ದು ಇನ್ನೂ ತಗ್ಗು. ಅದರ ಹೆಚ್ಚಿನ ಭಾಗ 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರುತ್ತದೆ. ಮನುಷ್ಯನ ಕಿವಿಯ ಕೆಳಮಿತಿಯೇ 20. ಫೋನಿನ ಪುಟಾಣಿ ಸ್ಪೀಕರಿಗೆ ಇಂಥ ತಗ್ಗಿನ ಸದ್ದಿಗೆ ಬೇಕಾದಷ್ಟು ಗಾಳಿಯನ್ನು ತಳ್ಳುವ ತಾಕತ್ತಿಲ್ಲ. ಊರಹಬ್ಬದ ಡೊಳ್ಳನ್ನು ಫೋನಿನಲ್ಲಿ ಕೇಳಿ ನೋಡಿ, ಡಬ್ಬ ಬಡಿದ ಹಾಗಿರುತ್ತದೆ. ಸಾಲದ್ದಕ್ಕೆ ವಿಡಿಯೊ ಕ್ಲಾಸಿನ ತಂತ್ರಾಂಶ ತಯಾರಾಗಿರುವುದು ಮಾತಿಗಾಗಿ. ಮಾತಲ್ಲದ ಸದ್ದನ್ನು ಫ್ಯಾನಿನ ಗದ್ದಲವೆಂದು ಅದು ಅಳಿಸಿಹಾಕುವುದೂ ಉಂಟು.

ಒಳ್ಳೆ ಹೆಡ್‌ಫೋನ್, ಒಳ್ಳೆ ರೆಕಾರ್ಡಿಂಗ್ ಇದ್ದರೆ ಕಿವಿಯ ಸಮಸ್ಯೆ ಅರ್ಧ ಬಗೆಹರಿದೀತು. ಕೈಯದು ಹಾಗಲ್ಲ. ಹಲಸಿನಹಣ್ಣು ತಟ್ಟಿ ನೋಡುವಂತೆ ವೈದ್ಯರು ಎದೆ ತಟ್ಟುತ್ತಾರಲ್ಲ, ಆ ವಿದ್ಯೆಯನ್ನು 1761ರಲ್ಲಿ ಬರೆದಿಟ್ಟವನು ಆಸ್ಟ್ರಿಯಾದ ಔಯೆನ್‌ಬ್ರುಗರ್. ಛತ್ರ ನಡೆಸುತ್ತಿದ್ದವನ ಮಗ; ಅಪ್ಪನ ಪೀಪಾಯಿಗಳನ್ನು ತಟ್ಟಿ ತಟ್ಟಿಯೇ ಕಲಿತ ಅಂತ ಕತೆ. ಗಾಳಿ ತುಂಬಿದ ಪುಪ್ಪುಸ ಗುಂಯ್‌ಗುಡುತ್ತದೆ, ನೀರು ತುಂಬಿದ ಜಾಗ ಕಲ್ಲಿನಂತೆ ಮಂಕಾಗುತ್ತದೆ. ಆ ಮಂಕನ್ನು ಕಿವಿಗಿಂತ ಮೊದಲು ಹಿಡಿಯುವುದು ಎದೆಯ ಮೇಲಿಟ್ಟ ಎಡಗೈ ನಡುಬೆರಳು. ಅದನ್ನು ಯಾವ ಪರದೆ ತೋರಿಸೀತು?

ಅಂಗರಚನೆಯ ಮೂರು ಆಯಾಮದ ಚಿತ್ರ, ಹಿಂದೆ ಓಡಿಸಿ ಮತ್ತೆ ನೋಡಬಹುದಾದ ಪಾಠ, ಇವೆಲ್ಲ ಲಾಭವೇ, ತಕರಾರಿಲ್ಲ. ಆದರೆ ವಿಡಿಯೊದೊಳಗಿನ ರೋಗಿಗಳು ಬಹಳ ಅಚ್ಚುಕಟ್ಟು: ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ ರೆಡಿ. ನಮ್ಮ ನಾಗಮಂಗಲದ ಕಡೆಯ ಅಜ್ಜಿ ಬಂದು ಕೂತರೆ "ಒಂಥರಾ ಆಯ್ತದೆ ಕಣವ್ವ" ಅನ್ನುತ್ತಾಳೆ, ಅಷ್ಟೇ. ಆ 'ಒಂಥರಾ'ದೊಳಗೆ ಎದೆನೋವಿದೆಯೋ, ತಲೆಸುತ್ತೋ, ಬರೀ ಹಸಿವೋ, ಕೆದಕಿ ಕೆದಕಿ ತೆಗೆಯಬೇಕು.

ಕಾಲೇಜು ತೆರೆದ ಮೇಲೂ ನಮ್ಮ ಹುಡುಗಿಗೆ ಮೂರನೇ ಸದ್ದು ತಕ್ಷಣ ಸಿಗಲಿಲ್ಲ. ಸ್ಟೆತಾಸ್ಕೋಪಿನ ಗಂಟೆಯಾಕಾರದ ಬದಿಯನ್ನು ಗಟ್ಟಿಯಾಗಿ ಒತ್ತುತ್ತಿದ್ದಳಂತೆ. ಹಾಗೆ ಒತ್ತಿದರೆ ಕೆಳಗಿನ ಚರ್ಮವೇ ಬಿಗಿದ ಪೊರೆಯಾಗಿ ತಗ್ಗಿನ ಸದ್ದನ್ನು ಸೋಸಿಬಿಡುತ್ತದೆ. ಪಿಜಿ (ಸ್ನಾತಕೋತ್ತರ) ಓದುತ್ತಿದ್ದ ವೈದ್ಯರೊಬ್ಬರು ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಇವಳ ಕೈಯನ್ನು ಸ್ವಲ್ಪ ಮೇಲಕ್ಕೆತ್ತಿ, "ಒತ್ತಬೇಡ, ಸುಮ್ನೆ ಇಡು" ಅಂದರಂತೆ.

"ಸುಮ್ನೆ ಅಂದ್ರೆ ಎಷ್ಟೇ?" ಅಂತ ಕೇಳಿದೆ. ಹೇಳೋಕೆ ನೋಡಿದಳು, ಆಗಲಿಲ್ಲ. ಬ್ಯಾಗಿನಿಂದ ಸ್ಟೆತಾಸ್ಕೋಪ್ ತೆಗೆದು ನನ್ನ ಮುಂಗೈ ಮೇಲೆ ಇಟ್ಟಳು.