ತಕಿಟ ಲೆಕ್ಕ ತಪ್ಪಿದಾಗ

ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ ನನ್ನ ಸೋದರಮಾವನ ಗದ್ದೆ ಇದೆ. ಮೊದಲೆಲ್ಲ ಅಲ್ಲಿ ನವಿಲು ಕಂಡರೆ ಮಕ್ಕಳನ್ನು ಕರೆದು ತೋರಿಸುತ್ತಿದ್ದರು. ಈಗ ಡಬ್ಬ ಬಡಿದು ಓಡಿಸುತ್ತಾರೆ. ಬಿತ್ತಿದ ಮರುದಿನವೇ ಹಿಂಡು ಬಂದು ಕೆದಕಿ ಹಾಕುತ್ತದೆ. ಹೋದ ಸಲ ಊಟಕ್ಕೆ ಕೂತಾಗ, ಕಾಡಿನ ಜೀವಿಗಳಲ್ಲಿ ವೈವಿಧ್ಯ ಕಮ್ಮಿಯಾಗ್ತಾ ಇದೆ ಅಂತ ನಾನು ಏನೋ ಶುರು ಮಾಡಿದೆ. ಮಾವ ಅರ್ಧಕ್ಕೇ ತಡೆದರು. "ನವಿಲಿಗೆಂತ ಬರಗಾಲ ಮಾರಾಯ? ಬೇಕಾದಷ್ಟು ಉಂಟು. ನಾಲ್ಕು ಹಿಡ್ಕೊಂಡು ಹೋಗು."

ಮಾವನೊಬ್ಬರೇ ಹೀಗಲ್ಲ. ಹುಲಿ ಎಷ್ಟು, ಆನೆ ಎಷ್ಟು ಅಂತ ನಾವೆಲ್ಲ ತಲೆ ಎಣಿಸಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ನನಗೆ ಈ ತಲೆಲೆಕ್ಕದ ಮೇಲೆ ಸ್ವಲ್ಪ ಸಿಟ್ಟು. ಎಷ್ಟು ಇವೆ ಅನ್ನುವುದು ಒಂದು ಪ್ರಶ್ನೆ. ಒಂದಕ್ಕಿಂತ ಒಂದು ಎಷ್ಟು ಬೇರೆ ಅನ್ನುವುದು ಇನ್ನೊಂದು.

ಅಮೆರಿಕದ ಪಶ್ಚಿಮ ಕರಾವಳಿಯ ಆನೆ ಸೀಲ್‌ಗಳನ್ನೇ ನೋಡಿ. 19ನೇ ಶತಮಾನದಲ್ಲಿ ಎಣ್ಣೆಗಾಗಿ ಅವನ್ನು ಕೊಂದು ಕೊಂದು ಕೊನೆಗೆ ಬೆರಳೆಣಿಕೆಯಷ್ಟು ಉಳಿದವು. ಆಮೇಲೆ ಕಾನೂನು ಬಂತು, ಬೇಟೆ ನಿಂತಿತು. ಈಗ 1 ಲಕ್ಷಕ್ಕೂ ಜಾಸ್ತಿ ಇವೆ. ತಲೆಲೆಕ್ಕದಲ್ಲಿ ಭರ್ಜರಿ ಗೆಲುವು. ಆದರೆ ಎಲ್ಲವೂ ಆ ಕೆಲವೇ ಸೀಲ್‌ಗಳ ಮಕ್ಕಳು, ಮೊಮ್ಮಕ್ಕಳು. ಊರು ತುಂಬ ಜನ, ಆದರೆ ಪೂರ್ತಿ ಊರೇ ಒಂದು ಕುಟುಂಬ.

ಈ "ಬೇರೆತನ"ವನ್ನು ಅಳೆಯಲು ಒಂದು ಅಳತೆಗೋಲು ಇದೆ. ಅದರ ಹೆಸರು ಮೈಕ್ರೋಸ್ಯಾಟಲೈಟ್. ಇದನ್ನು ಹೇಳಿದಾಗ ಮಾವ ಕೇಳಿದ್ದು, "ಇಸ್ರೋದವರು ಬಿಟ್ಟದ್ದಾ?" ಅವರದ್ದೇನೂ ತಪ್ಪಿಲ್ಲ, ಹೆಸರೇ ಹಾಗಿದೆ. ವಿಜ್ಞಾನಿಗಳು ಡಿಎನ್ಎಯನ್ನು ಸೀಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಹಾಕಿ ಗಿರಗಿರ ತಿರುಗಿಸುತ್ತಿದ್ದರು. ಹೆಚ್ಚಿನ ಪಾಲು ಒಂದು ದಪ್ಪ ಪಟ್ಟೆಯಾಗಿ ನಿಲ್ಲುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ಪಟ್ಟೆ, ಭೂಮಿಯ ಪಕ್ಕದ ಚಂದ್ರನ ಹಾಗೆ. ಅದಕ್ಕೇ ಸ್ಯಾಟಲೈಟ್ ಅಂದರು. ಡಿಎನ್ಎ ಅಂದರೆ ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಅಕ್ಷರಗಳ ಬರಹ; ಆ ಸಣ್ಣ ಪಟ್ಟೆಯೊಳಗೆ ಇದ್ದದ್ದು ಮತ್ತೆ ಮತ್ತೆ ಬರುವ ಒಂದೇ ಅಕ್ಷರಮಾಲೆ. ಮುಂದೆ ಇನ್ನೂ ಪುಟ್ಟ ಮಾಲೆಗಳು ಡಿಎನ್ಎ ಉದ್ದಕ್ಕೂ ಸಿಕ್ಕಿದವು. ಅವುಗಳಲ್ಲಿ ಪುನರಾವರ್ತನೆಯಾಗುವ ತುಂಡು ಒಂದರಿಂದ ಆರು ಅಕ್ಷರದಷ್ಟು ಚಿಕ್ಕದು. 1989ರಲ್ಲಿ ಅವಕ್ಕೆ ಮೈಕ್ರೋಸ್ಯಾಟಲೈಟ್ ಅನ್ನುವ ಹೆಸರು ಬಿತ್ತು. ಸಸ್ತನಿಗಳಲ್ಲಿ ತುಂಬಾ ಸಿಗುವುದು "ಸಿಎ ಸಿಎ ಸಿಎ ಸಿಎ". ಬ್ಯಾಂಕುಗಳು ಹುಟ್ಟಿದ ಈ ಜಿಲ್ಲೆಯಲ್ಲಿ ಸಿಎ ಅಂದರೆ ಬೇರೆಯೇ ಅರ್ಥ, ಅದು ಬಿಡಿ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಈ ಮಾಲೆಗಳ ಉದ್ದ ಒಬ್ಬರಿಂದ ಒಬ್ಬರಿಗೆ ಯಾಕೆ ಬೇರೆ?

ಯಕ್ಷಗಾನ ಕಲಿಯುವ ಹುಡುಗನಿಗೆ ಗುರುಗಳು ಒಂದು ಪೂರ್ತಿ ಪದ್ಯ ಕೊಟ್ಟರೆ ಅವನು ತಪ್ಪಿಲ್ಲದೆ ಒಪ್ಪಿಸಿಯಾನು. ಒಂದೊಂದು ಪದವೂ ಬೇರೆ, ಹಾಗಾಗಿ ಎಲ್ಲಿದ್ದೇನೆ ಅಂತ ಗೊತ್ತಿರುತ್ತದೆ. ಅದೇ ಹುಡುಗನಿಗೆ "ತಕಿಟ ತಕಿಟ ತಕಿಟ" ಅಂತ 23 ಸಲ ಹೇಳು ಅನ್ನಿ. 22ಕ್ಕೆ ನಿಲ್ಲಿಸುತ್ತಾನೆ, ಇಲ್ಲ 24ಕ್ಕೆ ಹೋಗುತ್ತಾನೆ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರನ್ನು ನೋಡಿದ್ದೀರಲ್ಲ? ಬಾಳೆನಾರಿಗೆ ಹೂ ಸೇರಿಸುತ್ತಾ ಮಾತಾಡಿದರೆ ಮುಗಿಯಿತು, ಎಷ್ಟಾಯಿತು ಅಂತ ಹೂ ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲ ಒಂದೇ ಬಿಳಿ.

ಕೋಶದೊಳಗೆ ಡಿಎನ್ಎ ನಕಲು ಮಾಡುವ ಕಿಣ್ವಕ್ಕೂ ಇದೇ ಗತಿ. ಆದರೆ ಅಲ್ಲಿ ಆಗುವುದು ಮರೆವಲ್ಲ, ಜಾರುವಿಕೆ. ಇದಕ್ಕೆ ಅಂಗಿಯ ಗುಂಡಿ ಇನ್ನೂ ಒಳ್ಳೆಯ ಉದಾಹರಣೆ. ಅವಸರದಲ್ಲಿ ಒಂದು ಗುಂಡಿ ತಪ್ಪಿಸಿ ಹಾಕುತ್ತೀರಿ. ಎಲ್ಲ ಗುಂಡಿ, ಎಲ್ಲ ಕಾಜ ಒಂದೇ ಥರ, ಹಾಗಾಗಿ ಕೆಳಗಿನವು ಸರಾಗವಾಗಿ ಕೂರುತ್ತವೆ. ಹೊಟ್ಟೆಯ ಹತ್ತಿರ ಮಾತ್ರ ಬಟ್ಟೆ ಉಬ್ಬಿರುತ್ತದೆ. ನಕಲು ಆಗುವಾಗ ಹಳೆ ಎಳೆ, ಹೊಸ ಎಳೆ ಒಂದು ಕ್ಷಣ ಬಿಟ್ಟು ಮತ್ತೆ ಅಂಟುತ್ತವೆ. ಆಗ ಒಂದು ಮಣಿಯಷ್ಟು, ಅಂದರೆ ಒಂದು "ಸಿಎ"ಯಷ್ಟು, ತಪ್ಪಿ ಅಂಟಿದರೆ ಅಲ್ಲೊಂದು ಉಬ್ಬು. ಉಬ್ಬು ಹೊಸ ಎಳೆಯಲ್ಲಿದ್ದರೆ ಮಾಲೆಗೆ ಒಂದು ಮಣಿ ಜಾಸ್ತಿ. ಹಳೆಯದರಲ್ಲಿದ್ದರೆ ಒಂದು ಕಮ್ಮಿ. ಡಿಎನ್ಎಯ ಬೇರೆ ಕಡೆ ಒಂದು ಅಕ್ಷರ ತಪ್ಪುವುದು ತಲೆಮಾರಿಗೆ ಹೆಚ್ಚುಕಮ್ಮಿ 10 ಕೋಟಿಯಲ್ಲಿ ಒಂದು ಸಲ. ಇಲ್ಲಿ ಸಾವಿರದಲ್ಲೋ ಹತ್ತು ಸಾವಿರದಲ್ಲೋ ಒಂದು ಸಲ. ಹೆಚ್ಚಿನ ಮಾಲೆಗಳಿಂದ ಪ್ರಾಣಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ ತಪ್ಪು ಅಳಿಯದೆ ಉಳಿಯುತ್ತದೆ. ಹಿಂಡಿನಲ್ಲಿ 15 ಮಣಿಯದ್ದು, 18ರದ್ದು, 21ರದ್ದು ಅಂತ ಬಗೆಬಗೆ ಮಾಲೆ ತುಂಬಿಕೊಳ್ಳುತ್ತದೆ. ಹಿಂಡು ಕುಗ್ಗಿದಾಗ ಮೊದಲು ಕಳೆದುಹೋಗುವುದೂ ಅಪರೂಪದ ಮಾಲೆಗಳೇ.

ಡಿಎನ್ಎಯಲ್ಲಿ ಇಂಥ ಮಾಲೆ ಇರುವ ಪ್ರತಿ ಜಾಗದಲ್ಲೂ ಅಪ್ಪನದೊಂದು, ಅಮ್ಮನದೊಂದು ಮಾಲೆ. ಒಂದು ಜಾಗದಲ್ಲಿ 8 ಬಗೆ ಉದ್ದ ಇದ್ದರೆ 36 ಬಗೆಯ ಜೋಡಿ ಸಾಧ್ಯ. ಇಂಥ 10 ಜಾಗ ನೋಡಿದರೆ ಹತ್ತು 36ಗಳನ್ನು ಒಂದಕ್ಕೊಂದು ಗುಣಿಸಬೇಕು. ಅದು 36 ಕೋಟಿ ಕೋಟಿ ದಾಟುತ್ತದೆ. ಹುಲಿಯ ಲದ್ದಿ ಸಿಕ್ಕರೂ ಸಾಕು, ಇದು ನಿನ್ನೆಯ ಹುಲಿಯೋ ಬೇರೆಯೋ ಅಂತ ಹೇಳಬಹುದು. ಬಲೆ, ಬೋನು, ಅರಿವಳಿಕೆ ಯಾವುದೂ ಬೇಡ.

ಇಲ್ಲಿ ಹಾವಿನ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾವಿಗೆ 12 ವರ್ಷದ ದ್ವೇಷ ಅಂತ ನಂಬುವ ಊರು ನಮ್ಮದು. ಹಾವು ನಿಜವಾಗಿ ಕೊಟ್ಟದ್ದೇನು ಗೊತ್ತಾ? ನಮ್ಮ ದೇಶದ ವಿಜ್ಞಾನಿ ಲಾಲ್‌ಜಿ ಸಿಂಗ್ ಅವರು ಎಡಿನ್‌ಬರೋದಲ್ಲಿದ್ದಾಗ, ಹಳದಿ-ಕಪ್ಪು ಪಟ್ಟೆಯ ಕಟ್ಟುಹಾವಿನ ಡಿಎನ್ಎಯಲ್ಲಿ ಇಂಥದ್ದೇ ಒಂದು ಸ್ಯಾಟಲೈಟ್ ಹಿಡಿದರು. ಅದರ ತುಂಬ "ಗಾಟಾ ಗಾಟಾ ಗಾಟಾ", ಅಂದರೆ ಜಿ-ಎ-ಟಿ-ಎ. ಅದೇ ಮಾಲೆ ಮನುಷ್ಯರಲ್ಲೂ ಇತ್ತು. ಮುಂದೆ ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಅವರು ಭಾರತದ ಡಿಎನ್ಎ ಬೆರಳಚ್ಚು, ಅಂದರೆ ಡಿಎನ್ಎ ನೋಡಿ ಆಳನ್ನು ಗುರುತಿಸುವ ವಿಧಾನ, ಕಟ್ಟಿದ್ದು ಇದರಿಂದಲೇ. 1980ರ ದಶಕದ ಕೊನೆಗೆ ತಲಶ್ಶೇರಿಯ ಕೋರ್ಟಿನಲ್ಲಿ ಮಗುವಿನ ತಂದೆ ಯಾರು ಅನ್ನುವ ಪ್ರಶ್ನೆ ಎದ್ದಾಗ ಉತ್ತರ ಸಿಕ್ಕಿದ್ದೂ ಹೀಗೆ. ನಮ್ಮಲ್ಲಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳ ದಾರಿ. ನಾಗನಿಗೆ ತನಿ ಎರೆಯುವಾಗ ಇದನ್ನೂ ಒಮ್ಮೆ ನೆನೆಸಿಕೊಳ್ಳಬಹುದು, ಅಲ್ವಾ?

ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್ಎ ನೋಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ತುಳುನಾಡಿನವರಿಗೆ ಉತ್ತರ ಸುಲಭ. ಅದು ನಮ್ಮಲ್ಲಿ "ಬಳಿ" ಅನ್ನುವ ಕುಲದ ಹೆಸರು ಇದ್ದ ಹಾಗೆ. ಬಳಿ ತಾಯಿಯಿಂದ ಬರುತ್ತದೆ, ಒಂದೇ ಬಳಿಯವರು ಮದುವೆ ಆಗುವಂತಿಲ್ಲ. ಆದರೆ ಸೋದರಮಾವನ ಮಗಳಿಗೆ ಅವಳ ಅಮ್ಮನ ಬಳಿ, ಹಾಗಾಗಿ ಅಡ್ಡಿ ಇಲ್ಲ. ಬಳಿ ಬೇರೆಯಾದರೂ ಸರಾಸರಿ ಎಂಟರಲ್ಲೊಂದು ಪಾಲು ಡಿಎನ್ಎ ಇಬ್ಬರಿಗೂ ಒಂದೇ ಅಜ್ಜ-ಅಜ್ಜಿಯಿಂದ ಬಂದದ್ದು. ಬಳಿಗೆ ಇದು ಕಾಣುವುದಿಲ್ಲ. ಎರಡೂ ಕಡೆಯ ಮಾಲೆ ಎಣಿಸುವ ಮೈಕ್ರೋಸ್ಯಾಟಲೈಟಿಗೆ ಕಾಣುತ್ತದೆ.

ಅಪ್ಪಂದಿರ ಗುಟ್ಟೂ ಅದಕ್ಕೆ ಕಾಣುತ್ತದೆ. ಕುಂದಾಪುರ, ಮರವಂತೆ ಕಡೆ ರಾತ್ರಿ ಬಂದು ಮೊಟ್ಟೆ ಇಡುತ್ತದಲ್ಲ, ಆ ಆಲಿವ್ ರಿಡ್ಲೆ ಕಡಲಾಮೆಯನ್ನೇ ಕೋಸ್ಟರಿಕದಲ್ಲಿ ಹೀಗೆ ನೋಡಿದರು. 2006ರಲ್ಲಿ ಬಂದ ವರದಿ ಅದು. ಆಮೆಗಳು ಒಂಟಿಯಾಗಿ ಬರುವ ಕಡಲತೀರದಲ್ಲಿ ಸುಮಾರು ಶೇ. 30 ಗೂಡುಗಳಲ್ಲಿ ಮರಿಗಳಿಗೆ ಒಬ್ಬನಿಗಿಂತ ಹೆಚ್ಚು ಅಪ್ಪಂದಿರು. ಸಾವಿರಗಟ್ಟಲೆ ಒಟ್ಟಿಗೆ ಬರುವ ತೀರದಲ್ಲಿ ಶೇ. 92. ಕಡಲಲ್ಲಿ ನಡೆದದ್ದನ್ನು ಯಾರೂ ನೋಡಿರಲಿಲ್ಲ, ಮರಿಗಳ ಮಾಲೆ ಹೇಳಿತು.

ವೈವಿಧ್ಯ ಹೋದರೆ ಏನು ನಷ್ಟ ಅನ್ನುವವರಿಗೆ ಅಮೆರಿಕದ ಇಲಿನಾಯ್ ರಾಜ್ಯದ ಹುಲ್ಲುಗಾವಲಿನ ಹಕ್ಕಿ ಪ್ರೇರಿ ಕೋಳಿಯ ಕಥೆ. 1962ರಲ್ಲಿ ಸುಮಾರು 2000 ಇದ್ದವು. ಹುಲ್ಲುಗಾವಲು ಉಳಿಸಿಕೊಟ್ಟರೂ 1994ಕ್ಕೆ 50ಕ್ಕಿಂತ ಕೆಳಗಿಳಿದವು. ಒಡೆದು ಮರಿಯಾಗುವ ಮೊಟ್ಟೆಗಳು ಕಮ್ಮಿಯಾಗುತ್ತಾ ಬಂದವು. ಮ್ಯೂಸಿಯಂನಲ್ಲಿದ್ದ 1930ರ ದಶಕದ ಹಕ್ಕಿಗಳನ್ನೂ ಸಂಖ್ಯೆ ಕುಸಿದ ಮೇಲಿನವನ್ನೂ 6 ಮೈಕ್ರೋಸ್ಯಾಟಲೈಟ್ ಜಾಗಗಳಲ್ಲಿ ಹೋಲಿಸಿದರು. ಮೊದಲು ಒಂದು ಜಾಗಕ್ಕೆ ಸರಾಸರಿ 5ಕ್ಕಿಂತ ಹೆಚ್ಚು ಬಗೆ, ಕುಸಿದ ಮೇಲೆ 4ಕ್ಕಿಂತ ಕಮ್ಮಿ. ಬೇರೆ ರಾಜ್ಯಗಳಿಂದ ಕೋಳಿ ತಂದು ಬಿಟ್ಟ ಮೇಲೆ ಮತ್ತೆ ಹೆಚ್ಚು ಮೊಟ್ಟೆಗಳು ಒಡೆಯತೊಡಗಿದವು.

ಕೆಲಸ ಹೇಳಿದಷ್ಟು ಸುಲಭವಲ್ಲ. ಆಗುಂಬೆಯ ಮಳೆಯಲ್ಲಿ ಲದ್ದಿಯೂ ತೊಳೆದುಹೋಗುತ್ತದೆ, ಡಿಎನ್ಎಯೂ. ಇನ್ನೊಂದು ತಮಾಷೆ ಇದೆ. ಲ್ಯಾಬಿನಲ್ಲಿ ಪಿಸಿಆರ್ ಮಾಡಿ ಮಾಲೆಯನ್ನು ಲಕ್ಷಗಟ್ಟಲೆ ನಕಲು ಮಾಡುವಾಗ ಅಲ್ಲಿನ ಕಿಣ್ವವೂ ಜಾರುತ್ತದೆ. ನಿಜವಾದ ಗೆರೆಯ ಪಕ್ಕ ಒಂದು ಮಣಿ ಕಮ್ಮಿಯ ಸುಳ್ಳು ಗೆರೆ ಮೂಡುತ್ತದೆ. ಯಾವ ತಪ್ಪನ್ನು ಓದಲು ಹೊರಟೆವೋ ಅದೇ ತಪ್ಪು ಓದುವಾಗಲೂ ಕಾಡುತ್ತದೆ. ಅದಕ್ಕೇ ಒಂದೇ ಮಾದರಿಯನ್ನು ಮೂರ್ನಾಲ್ಕು ಸಲ ಓಡಿಸುತ್ತಾರೆ. ಈಗ ಪೂರ್ತಿ ಜೀನೋಮನ್ನೇ ಓದುವ ಕಾಲ ಬಂದಿದೆ. ಆದರೂ ಕಡಿಮೆ ಖರ್ಚಿನಲ್ಲಿ, ಹಾಳಾದ ಮಾದರಿಯಲ್ಲೂ ಈ ಹಳೇ ವಿಧಾನ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಮಾವ ತಣ್ಣಗೆ ಅಂದರು, "ಹಾಗಾದ್ರೆ ನಮ್ಮ ಗದ್ದೆಯ ನವಿಲುಗಳೆಲ್ಲ ದಾಯಾದಿಗಳಾ ಅಂತ ನೋಡಿ ಹೇಳು." ನೋಡಬಹುದು. ಹಕ್ಕಿಯನ್ನು ಹಿಡಿಯಬೇಕಾಗಿಲ್ಲ. ಉದುರಿದ ಗರಿಯ ಬುಡದ ಕೊಳವೆಯಲ್ಲಿ ಸಾಸಿವೆಗಿಂತ ಚಿಕ್ಕದಾಗಿ ರಕ್ತ ಹೆಪ್ಪುಗಟ್ಟಿರುತ್ತದೆ, ಅಷ್ಟು ಸಾಕು. ಗರಿ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಮಾವನ ಮೊಮ್ಮಗಳು ತನ್ನ ಕನ್ನಡ ಪುಸ್ತಕ ತಂದಳು. ನಡುವೆ ಗರಿ ಇತ್ತು, ಬುಡ ಸಮೇತ. ಕೈ ಚಾಚಿದೆ. ಪುಸ್ತಕ ಟಪ್ ಅಂತ ಮುಚ್ಚಿದಳು.

"ಮರಿ ಹಾಕಿದ ಮೇಲೆ ಕೊಡ್ತೇನೆ."