ಯಜಮಾನ ಸತ್ತ ಮೇಲೆ ಬೀಗದ ಕೈ ಯಾರದು?

'ಒನ್ ಅವರ್ ಒನ್ ಲೈಫ್' ಹಲವರು ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಬದುಕುಳಿಯುವ ಆಟ. ಅದರಲ್ಲಿ ಒಂದು ನಿಮಿಷಕ್ಕೆ ಒಂದು ವರ್ಷ, 60ಕ್ಕೆ ಸಾವು. ಆವತ್ತು ಆಟದಲ್ಲಿ ನನ್ನ ತಾಯಿಗೆ (ಅವಳನ್ನು ಆಡಿಸುತ್ತಿದ್ದವರು ಇನ್ನೊಬ್ಬ ಆಟಗಾರರು) 58 ವರ್ಷ. ಅಂದರೆ ಅವಳಿಗೆ ಉಳಿದಿದ್ದು ಇನ್ನು ಎರಡೇ ನಿಮಿಷ. ಊರಿನ ಉಪಕರಣಗಳೆಲ್ಲ ಇದ್ದ ಪೆಟ್ಟಿಗೆಗೆ ಅವಳೇ ಬೀಗ ಹಾಕಿದ್ದಳು, ಕೀ ಅವಳ ಬೆನ್ನಚೀಲದಲ್ಲಿತ್ತು. "ಕೀ ತಗೋ" ಅಂತ ಟೈಪ್ ಮಾಡುವಷ್ಟರಲ್ಲಿ ಸತ್ತಳು. ನಾನು ಹೊಲದಿಂದ ಓಡಿ ಬರುವುದರೊಳಗೆ ಯಾರೋ ಆ ಚೀಲ ಎತ್ತಿಕೊಂಡು ಹೋಗಿದ್ದರು. ಅವರಿಗೆ ಬೇಕಿದ್ದಿದ್ದು ಬರೀ ಚೀಲ, ಒಳಗೆ ಕೀ ಇದೆ ಅನ್ನೋದೂ ಗೊತ್ತಿರಲಿಲ್ಲ. ನಾಲ್ಕು ತಲೆಮಾರು ದುಡಿದು ಮಾಡಿದ ಸಾಮಾನು ಕಣ್ಣೆದುರೇ ಇತ್ತು, ತೆಗೆಯೋಕೆ ಆಗಲಿಲ್ಲ.

ಈ ತೊಂದರೆ ಹೊಸದಲ್ಲ. 1997ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಬದುಕುಳಿಯುವ ಆಟವಲ್ಲ, ಆದರೆ ಸಮಸ್ಯೆ ಅಲ್ಲೇ ಶುರುವಾಗಿತ್ತು. ಅಲ್ಲಿ ಮನೆಯ ಕೀ ಕೈಯಲ್ಲಿ ಹಿಡಿಯುವ ವಸ್ತು. ಯಾರ ಹತ್ತಿರ ಕೀ ಇದೆಯೋ ಅವರಿಗೆ ಬಾಗಿಲು ತೆರೆಯುತ್ತಿತ್ತು. ಹಾಗಾಗಿ ಮನೆ ದೋಚಬೇಕಾದವರು ಬಾಗಿಲ ತಂಟೆಗೇ ಹೋಗದೆ, ಮನೆಯವನನ್ನು ದಾರಿಯಲ್ಲಿ ಹಿಡಿದು ಕೊಂದು, ಹೆಣದ ಮೇಲಿಂದ ಕೀ ತೆಗೆದುಕೊಂಡರೆ ಸಾಕಿತ್ತು. ಜನ ಕೀಗಳನ್ನು ಬ್ಯಾಂಕಿನಲ್ಲಿ ಇಡತೊಡಗಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಎಷ್ಟೋ ಮನೆಗಳು ಖಾಲಿಯಾದ ಮೇಲೆ ಹೆಸರಿನ ಪಟ್ಟಿ ಬಂತು: ಈ ಮನೆಗೆ ಇವರು ಸಹ-ಮಾಲೀಕರು, ಇವರು ಸ್ನೇಹಿತರು ಅಂತ. ಹಕ್ಕು ಕಬ್ಬಿಣದ ತುಂಡಿನಿಂದ ಹೆಸರಿಗೆ ಹೋಯಿತು.

ಬದುಕುಳಿಯುವ ಆಟ 'ರಸ್ಟ್' ಇನ್ನೊಂದು ದಾರಿ ಹಿಡಿಯಿತು. ಅದರಲ್ಲೂ ಕೀ ಬೀಗ ಇದೆ, ಆದರೆ ನಂಬುವವರು ಕಡಿಮೆ. ಜಾಸ್ತಿ ಜನ ಹಾಕುವುದು ನಾಲ್ಕು ಅಂಕಿಯ ಕೋಡ್ ಬೀಗ, ತಪ್ಪು ಕೋಡ್ ಒತ್ತಿದರೆ ಶಾಕ್ ಹೊಡೆಯುತ್ತದೆ. ಕೋಡ್ ತಲೆಯಲ್ಲಿರುತ್ತದೆ, ಹೆಣದ ಜೇಬಿನಲ್ಲಿ ಸಿಗುವುದಿಲ್ಲ. ಆಟ ಬಿಟ್ಟು ಹೋದವರ ಮನೆ ಏನಾಗಬೇಕು? ಟೂಲ್ ಕಬೋರ್ಡ್‌ನಲ್ಲಿ, ಅಂದರೆ ಮನೆ ಸವೆಯದಂತೆ ಸಾಮಗ್ರಿ ತುಂಬಿಡುವ ಕಪಾಟಿನಲ್ಲಿ, ಸಾಮಗ್ರಿ ಮುಗಿದರೆ ಕಟ್ಟಡ ತಾನಾಗಿ ಸವೆದು ಬೀಳುತ್ತದೆ. ಇಲ್ಲಿ ವಾರಸುದಾರರೇ ಬೇಕಿಲ್ಲ. ಯಾಕೆಂದರೆ ಸತ್ತವನು ಮತ್ತೆ ಅವನಾಗಿಯೇ ಎದ್ದು ಬಂದು ಅದೇ ಬಾಗಿಲು ತೆರೆಯುತ್ತಾನೆ.

ಜೇಸನ್ ರೋಹ್ರರ್ 2018ರ ಫೆಬ್ರವರಿಯಲ್ಲಿ ಬಿಟ್ಟ 'ಒನ್ ಅವರ್ ಒನ್ ಲೈಫ್'ನಲ್ಲಿ ಈ ಉಪಾಯ ನಡೆಯುವುದಿಲ್ಲ. ಒಂದು ನಿಮಿಷಕ್ಕೆ ಒಂದು ವರ್ಷ, 60ಕ್ಕೆ ಸಾವು ಖಂಡಿತ. ಮತ್ತೆ ಬಂದರೆ ಬೇರೆ ಮಗುವಾಗಿ, ಬೇರೆ ತಾಯಿಯ ಮಡಿಲಲ್ಲಿ. ಅಂದರೆ ಪ್ರತಿಯೊಂದು ಆಸ್ತಿಯೂ ಒಂದು ಗಂಟೆಯೊಳಗೆ ಕೈ ಬದಲಾಗಲೇಬೇಕು. ಮೊದಲಿಗೆ ಇದ್ದಿದ್ದು ಬೀಗ, ಕೀ ಅಷ್ಟೇ. ಆಮೇಲೆ ಆಸ್ತಿ ಬೇಲಿ, ಗೇಟು ಬಂದವು. ಗೇಟಿನ ಹಕ್ಕು ಕೀಯಲ್ಲಿಲ್ಲ, ಮನುಷ್ಯನ ಮೇಲಿದೆ. ಬದುಕಿರುವಾಗ ಬಾಯಿಮಾತಿನಲ್ಲೇ ಇನ್ನೊಬ್ಬರಿಗೆ ಕೊಡಬಹುದು, ಸತ್ತರೆ ಸಂತಾನಕ್ಕೆ ಹೋಗುತ್ತದೆ. ನನ್ನ ಪ್ರಕಾರ ಇದು ದೊಡ್ಡ ಹೆಜ್ಜೆ.

ಆದರೆ ರಕ್ತಸಂಬಂಧ ನೋಡಿ ಹಕ್ಕು ಕೊಟ್ಟರೆ, ದುಡಿದವರಿಗೆ ಸಿಗುತ್ತದೆ ಅಂತ ಏನಿಲ್ಲ ಅಲ್ವಾ? ಇಪ್ಪತ್ತು ನಿಮಿಷ ಪಕ್ಕದಲ್ಲೇ ಕಮ್ಮಾರಿಕೆ ಕಲಿತ ಹುಡುಗ ಗೇಟಿನ ಹೊರಗೆ ನಿಲ್ಲಬೇಕು, ದೂರದಲ್ಲಿ ಮೊಲ ಹಿಡಿಯುತ್ತಿರುವ ಮಗಳು ಮಾಲೀಕಳು. ಬೀಗ-ಕೀಗಳ ಕಥೆಯಂತೂ ಇನ್ನೂ 1997ರಲ್ಲೇ ಇದೆ.

ನನಗೆ ಬೇಕಿರುವುದು ಇಷ್ಟೆ. ಬದುಕಿರುವಾಗಲೇ ವಾರಸುದಾರರ ಹೆಸರು ಹೇಳಿಡಲು ಅವಕಾಶ ಇರಲಿ, ಹೇಳದೇ ಸತ್ತರೆ ಮಾತ್ರ ರಕ್ತಸಂಬಂಧ ನೋಡಲಿ. ಹಕ್ಕು ಬಂದ ಕೂಡಲೇ ಹೊಸ ಮಾಲೀಕರಿಗೆ ಒಂದು ಸೂಚನೆ ಬರಲಿ, ಆಸ್ತಿ ಎಲ್ಲಿದೆ ಅಂತ ದಿಕ್ಕೂ ತೋರಿಸಲಿ. ಕೀ ಕಳೆದರೆ ಮಾಲೀಕರೇ ಆ ಬೀಗಕ್ಕೆ ಹೊಸ ಕೀ ಮಾಡಿಸಲಿ, ಆಗ ಹಳೆಯದು ಸುಮ್ನೆ ಕಬ್ಬಿಣದ ತುಂಡಾಗಲಿ. ಕೀ ಕದಿಯುವ ಆಟವನ್ನು ಇದು ಕೊಲ್ಲುವುದಿಲ್ಲ, ಕದ್ದವರಿಗೆ ಸಿಗುವ ಸಮಯವನ್ನು ಕಡಿಮೆ ಮಾಡುತ್ತದೆ ಅಷ್ಟೆ.

ಆವತ್ತು ಈ ಸೌಲಭ್ಯ ಇದ್ದಿದ್ದರೆ ನಾನು ಹೊಸ ಕೀ ಮಾಡಿಕೊಂಡು ಗುದ್ದಲಿ ತೆಗೆದು ಹೊಲಕ್ಕೆ ಹೋಗುತ್ತಿದ್ದೆ. ಆಗಿದ್ದೇನೆಂದರೆ, ಕಬ್ಬಿಣ ಹುಡುಕಿಕೊಂಡು ಊರು ಬಿಟ್ಟೆ, ವಾಪಸ್ ಬರುವಾಗ ನನಗೂ 57.