ಕರೆದರೂ ಕೇಳದ ಫೋನು: ದನಿ ಡಯಲಿಂಗ್ ಕನ್ನಡಕ್ಕೆ ಬಂದ ಹಾದಿ

‘ಚಿಕ್ಕಪ್ಪನಿಗೆ ಕಾಲ್ ಮಾಡು’ ಎಂದರೆ ಫೋನು ಚಿಕ್ಕಣ್ಣನಿಗೆ ಕರೆ ಹಚ್ಚುತ್ತದೆ. ಇಲ್ಲವೇ ಚಿಕ್ಕಪ್ಪ ಎಂದರೆ ಯಾರು ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿ ತೋರಿಸುತ್ತದೆ. ಕನ್ನಡದಲ್ಲಿ ಹೇಳಿ ಫೋನ್ ಮಾಡಲು ಹೊರಟವರ ಮೊದಲ ದೂರು ಇದೇ. ಬೈಗುಳವೆಲ್ಲ ಮೈಕಿಗೆ ಬೀಳುತ್ತದೆ, ತಪ್ಪು ಮಾತ್ರ ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ನೀವು ಹೇಳಿದ್ದು ಫೋನಿಗೆ ಸರಿಯಾಗಿಯೇ ಕೇಳಿಸಿರುತ್ತದೆ. ಆ ಹೆಸರು ಕಾಂಟ್ಯಾಕ್ಟ್ಸ್‌ನಲ್ಲಿ ಯಾವ ಲಿಪಿಯಲ್ಲಿ, ಯಾವ ರೂಪದಲ್ಲಿ ಕೂತಿದೆ ಎಂಬಲ್ಲಿ ತಾಳ ತಪ್ಪುತ್ತದೆ. ಇದು ಹೇಗಾಯಿತು ಎಂಬುದಕ್ಕೆ ಉತ್ತರ ಈ ತಂತ್ರಜ್ಞಾನ ಬೆಳೆದು ಬಂದ ದಾರಿಯಲ್ಲೇ ಇದೆ.

ಮೊದಲು ಎಲ್ಲ ಕರೆಗಳೂ ಬಾಯಿಮಾತಿನವೇ ಆಗಿದ್ದವು. ರಿಸೀವರ್ ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಮಾತಾಡುತ್ತಿದ್ದರು, ಊರು ಮತ್ತು ನಂಬರು ಹೇಳಿದರೆ ಲೈನ್ ಕೊಡುತ್ತಿದ್ದರು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದ ಮೇಲೆ ಆಪರೇಟರ್ ಕೆಲಸ ನಿಧಾನವಾಗಿ ನಮ್ಮ ಬೆರಳಿಗೆ ಬಂತು. ಭಾರತದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಶುರುವಾದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಆ ಎರಡು ಊರುಗಳು ಈ ಕತೆಯಲ್ಲಿ ಮತ್ತೊಮ್ಮೆ ಬರುತ್ತವೆ.

ಯಂತ್ರಕ್ಕೆ ಮಾತು ಕಲಿಸುವ ಯತ್ನ ಬೇರೆಯೇ ದಾರಿಯಲ್ಲಿ ಸಾಗಿತ್ತು. 1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯ ಕಟ್ಟಿದ ‘ಆಡ್ರಿ’ ಎಂಬ ಯಂತ್ರ ಅಂಕಿಗಳನ್ನು ಗುರುತಿಸುತ್ತಿತ್ತು, ಅದೂ ಒಬ್ಬೊಬ್ಬರ ದನಿಗೆ ಹೊಂದಿಸಿಕೊಂಡ ಮೇಲೆ, ಒಂದೊಂದು ಅಂಕಿಯ ನಂತರ ನಿಲ್ಲಿಸಿ ಹೇಳಿದರೆ. ಹತ್ತು ವರ್ಷದ ಮೇಲೆ, 1962ರ ಸಿಯಾಟಲ್ ವಸ್ತುಪ್ರದರ್ಶನದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ ಗೊತ್ತಿದ್ದದ್ದು 16 ಪದ.

ಈ ವಿದ್ಯೆ ನಮ್ಮ ಜೇಬಿಗೆ ಬಂದದ್ದು 2000ದ ಆಸುಪಾಸಿನ ನೋಕಿಯಾದಂಥ ಫೋನುಗಳ ‘ವಾಯ್ಸ್ ಟ್ಯಾಗ್’ ರೂಪದಲ್ಲಿ. ಒಂದು ಹೆಸರು ಆರಿಸಿ, ಟ್ಯಾಗ್ ಸೇರಿಸು ಎಂದು ಒತ್ತಿ, ಬೀಪ್ ಕೇಳಿದ ಕೂಡಲೇ ಹೆಸರು ಹೇಳಬೇಕು. ಆಮೇಲೆ ಕೀ ಒತ್ತಿ ಹಿಡಿದು ಅದೇ ಹೆಸರು ಹೇಳಿದರೆ ಕರೆ ಹೋಗುತ್ತಿತ್ತು. ಫೋನು ಅಲ್ಲಿ ಪದವನ್ನು ಅರ್ಥ ಮಾಡಿಕೊಳ್ಳುತ್ತಲೇ ಇರಲಿಲ್ಲ. ಮೊದಲು ಹೇಳಿದ ಸದ್ದಿನ ಏರಿಳಿತವನ್ನು ಇಟ್ಟುಕೊಂಡು, ಈಗ ಹೇಳಿದ ಸದ್ದನ್ನು ಅದರ ಪಕ್ಕ ಎಳೆದು ಕುಗ್ಗಿಸಿ ಹೋಲಿಸುತ್ತಿತ್ತು, ಅಷ್ಟೆ. ಹಾಗಾಗಿ ಅದಕ್ಕೆ ಭಾಷೆಯ ಹಂಗಿರಲಿಲ್ಲ. ‘ಅವ್ವ’ ಎಂದರೂ ಸರಿ, ತುಳುವಿನಲ್ಲಿ ‘ಅಪ್ಪೆ’ ಎಂದರೂ ಸರಿ, ಸೀಟಿ ಹೊಡೆದರೂ ನಡೆಯುತ್ತಿತ್ತೇನೋ! ನೆಟ್ಟೂ ಬೇಕಿರಲಿಲ್ಲ. ಆದರೆ ಬೆರಳೆಣಿಕೆಯಷ್ಟು ಹೆಸರಿಗೆ ಮಾತ್ರ ಜಾಗ, ಮನೆಯ ಬೇರೊಬ್ಬರು ಹೇಳಿದರೆ ಗುರುತು ಸಿಗುತ್ತಿರಲಿಲ್ಲ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಮ್ಮದೇ ದನಿಗೂ ಬೆಲೆಯಿರಲಿಲ್ಲ.

ಮುಂದಿನ ಫೋನುಗಳು ಈ ಮಿತಿ ದಾಟಿದವು, ಮತ್ತು ಅಲ್ಲೇ ಕನ್ನಡ ಹೆಸರುಗಳ ಗ್ರಹಚಾರ ಕೆಟ್ಟಿತು. ಟ್ಯಾಗ್ ಮಾಡುವ ಕೆಲಸ ತಪ್ಪಿತು; ಕಾಂಟ್ಯಾಕ್ಟ್ಸ್‌ನಲ್ಲಿರುವ ಹೆಸರನ್ನು ಫೋನು ತಾನೇ ಓದಿ, ಅದರ ಉಚ್ಚಾರ ಹೀಗಿರಬಹುದು ಎಂದು ಊಹಿಸಿ ನಿಮ್ಮ ಮಾತಿನೊಂದಿಗೆ ಹೋಲಿಸತೊಡಗಿತು. ಯಾರು ಹೇಳಿದರೂ ನಡೆಯುತ್ತದೆ ಎಂಬುದು ಲಾಭ. ಓದುವುದು ಇಂಗ್ಲಿಷಿನ ಲೆಕ್ಕದಲ್ಲಿ ಎಂಬುದು ನಷ್ಟ. ಇಂಗ್ಲಿಷ್ ಅಕ್ಷರದಲ್ಲಿ ಕೆ-ಎ-ಎಲ್-ಎ ಎಂದು ಬರೆದಿಟ್ಟದ್ದು ಕಲಾಳೋ, ಕಾಳನೋ, ಕಾಲನೋ ಫೋನಿಗೆ ಹೇಗೆ ಗೊತ್ತಾಗಬೇಕು? ಇಂದಿಗೂ ಮೂಲ ತೊಡಕು ಇದೇ.

ಸ್ಮಾರ್ಟ್‌ಫೋನ್ ಬಂದ ಮೇಲೆ ಗುರುತಿಸುವ ಕೆಲಸ ಫೋನಿನಿಂದ ದೂರದ ಸರ್ವರಿಗೆ ಹೋಯಿತು. ಗೂಗಲ್ 2007ರಿಂದ 2010ರವರೆಗೆ ಅಮೆರಿಕದಲ್ಲಿ ‘ಗೂಗ್-411’ ಎಂಬ ಪುಕ್ಕಟೆ ಸೇವೆ ನಡೆಸಿತು; ಫೋನ್ ಮಾಡಿ ಅಂಗಡಿ ಹೆಸರು ಹೇಳಿದರೆ ನಂಬರು ಸಿಗುತ್ತಿತ್ತು. ಕಂಪನಿಗೆ ಸಿಕ್ಕ ಪ್ರತಿಫಲ ಜನರ ದನಿಯ ಮಾದರಿಗಳು. 2010ರಲ್ಲಿ ಆಂಡ್ರಾಯ್ಡ್‌ಗೆ ಬಾಯಿಮಾತಿನ ಆದೇಶಗಳು ಬಂದವು, 2011ರಲ್ಲಿ ಐಫೋನ್ 4ಎಸ್ ಜೊತೆ ಸಿರಿ ಎಂಬ, ಮಾತು ಕೇಳಿ ಕೆಲಸ ಮಾಡುವ ಅಸಿಸ್ಟೆಂಟ್ ಬಂತು. ಗೂಗಲ್‌ನ ದನಿ ಹುಡುಕಾಟಕ್ಕೆ ಕನ್ನಡ ಸೇರಿದ್ದು 2017ರ ಆಗಸ್ಟಿನಲ್ಲಿ, ತಮಿಳು, ತೆಲುಗು, ಮಲಯಾಳಂ, ಮರಾಠಿ, ಗುಜರಾತಿ, ಬಂಗಾಳಿ, ಉರ್ದು ಭಾಷೆಗಳ ಜೊತೆಗೆ. ಗೂಗಲ್‌ನದೇ ಹೊಸ ಅಸಿಸ್ಟೆಂಟ್ ಜೆಮಿನೈ ಆಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳೊಂದಿಗೆ ಇಲ್ಲಿಗೆ ಬಂತು. ಸಿರಿ ಅದೇ ವರ್ಷದ ಐಫೋನ್ ತಂತ್ರಾಂಶ ಐಓಎಸ್ 18ರಲ್ಲಿ ಭಾರತೀಯ ಇಂಗ್ಲಿಷ್ ಜೊತೆ ಕನ್ನಡ ಬೆರೆಸಿ ಮಾತಾಡಲು ಅವಕಾಶ ಕೊಟ್ಟಿತು.

ಇಷ್ಟಾದರೂ ‘ಮಂಜನಿಗೆ ಕಾಲ್ ಮಾಡು’ ಎಂಬ ಮೂರು ಪದ ಯಂತ್ರಕ್ಕೆ ಕಷ್ಟವೇ. ಇಂಗ್ಲಿಷಿನಲ್ಲಿ ‘ಕಾಲ್’ ಎಂಬ ಪದ ಮೊದಲೇ ಬರುವುದರಿಂದ ಮುಂದೆ ಬರುವುದು ಯಾರದೋ ಹೆಸರು ಎಂದು ಅದು ಸಿದ್ಧವಾಗಿರುತ್ತದೆ. ಕನ್ನಡದಲ್ಲಿ ಹೆಸರು ಮೊದಲು, ಕೆಲಸ ಕೊನೆಗೆ. ಮೇಲಾಗಿ ಹೆಸರು ಒಂಟಿಯಾಗಿ ಬರುವುದಿಲ್ಲ, ಬಾಲ ಹಚ್ಚಿಕೊಂಡೇ ಬರುತ್ತದೆ: ಸುರೇಶನಿಗೆ, ಸುರೇಶ್‌ಗೆ, ಅಮ್ಮನಿಗೆ, ಅಮ್ಮಂಗೆ, ಅವ್ವಗ. ‘ಮಂಜನಿಗೆ’ ಎಂಬುದರ ಬಾಲ ಕತ್ತರಿಸಿದರೆ ಉಳಿಯುವುದು ‘ಮಂಜ’. ಫೋನಿನಲ್ಲಿರುವುದು ‘ಮಂಜು’, ‘ಮಂಜುನಾಥ್ ಎಲೆಕ್ಟ್ರಿಷಿಯನ್’, ‘ಮಂಜಣ್ಣ ಹಾಲು’. ಧಾರವಾಡದ ಕಡೆಯವರು ‘ಫೋನ್ ಹಚ್ಚು’ ಎಂದರಂತೂ ಕೆಲವೊಮ್ಮೆ ಆದೇಶವೇ ತಲುಪುವುದಿಲ್ಲ. ಆದ್ದರಿಂದ ಸೇವ್ ಮಾಡಿದ ರೂಪವನ್ನೇ ಹೇಳಿ ‘ಗೆ’ ಸೇರಿಸುವುದು ವಾಸಿ: ‘ಮಂಜುಗೆ ಕಾಲ್ ಮಾಡು’. ಅದೂ ಕೈಕೊಟ್ಟರೆ ‘ಕಾಲ್ ಮಂಜು’. ಕೇಳಲು ಒಡ್ಡೊಡ್ಡಾಗಿದೆ, ಆದರೆ ಕೆಲಸ ಆಗುತ್ತದೆ.

ಶಾಶ್ವತ ರಿಪೇರಿ ಕಾಂಟ್ಯಾಕ್ಟ್ಸ್‌ನಲ್ಲಿ ಆಗಬೇಕು. ಅಸಿಸ್ಟೆಂಟ್ ಭಾಷೆ ಕನ್ನಡವಾಗಿದ್ದರೆ ದಿನವೂ ಕರೆ ಮಾಡುವ ಹತ್ತಿಪ್ಪತ್ತು ಹೆಸರುಗಳನ್ನು ಕನ್ನಡ ಲಿಪಿಗೆ ಬದಲಿಸಿ. ಇಂಗ್ಲಿಷಿನಲ್ಲೇ ಇರಲಿ ಎನ್ನುವವರು ಆ ಹೆಸರು ತೆರೆದು, ಪೆನ್ಸಿಲ್ ಗುರುತು ಒತ್ತಿ, ಹೆಚ್ಚಿನ ಕಾಲಂಗಳನ್ನು ತೆರೆದರೆ ಅಡ್ಡಹೆಸರು ಮತ್ತು ಉಚ್ಚಾರಕ್ಕೆಂದೇ ಪ್ರತ್ಯೇಕ ಜಾಗಗಳಿವೆ. ನೀವು ಕರೆಯುವ ಹಾಗೆ ಅಲ್ಲಿ ಬರೆಯಿರಿ. ಪಟ್ಟಿಯ ಮೇಲೆ ಬರಲಿ ಎಂದು ಹೆಸರಿನ ಮುಂದೆ ಸೇರಿಸಿದ ಮೂರು ‘ಎ’, ಚುಕ್ಕಿ, ಹೃದಯದ ಎಮೋಜಿ ತೆಗೆಯಿರಿ. ಐವರು ರಮೇಶ್ ಇದ್ದರೆ ಪ್ರತಿಯೊಬ್ಬರಿಗೂ ಊರು ಅಥವಾ ಕಸುಬು ಸೇರಿಸಿ. ‘ರಮೇಶ್ 2’ ಎಂಬುದು ನಿಮಗೇ ನೆನಪಿರುವುದಿಲ್ಲ. ಹಳೆಯ ಹೆಸರುಗಳು ಸಿಮ್ಮಿನಲ್ಲೇ ಉಳಿದಿದ್ದರೆ ಫೋನಿಗೋ ಗೂಗಲ್ ಖಾತೆಗೋ ಸಾಗಿಸಿ. ಸಿಮ್ಮಿನಲ್ಲಿ ಹೆಸರಿನ ಉದ್ದಕ್ಕೆ ಮಿತಿಯಿದೆ, ಕನ್ನಡ ಅಕ್ಷರಗಳಿಗೆ ಇನ್ನೂ ಕಡಿಮೆ. ಅಡ್ಡಹೆಸರಿನಂಥ ಕಾಲಂ ಅಲ್ಲಿ ಸಿಗದು.

ಹೆಸರು ಸರಿಯಾಗಿದ್ದೂ ಕರೆ ಹೋಗದಿದ್ದರೆ ಮೊದಲು ನೋಡಬೇಕಾದದ್ದು ಸಿಮ್ ಸೆಟ್ಟಿಂಗ್. ಎರಡು ಸಿಮ್ ಇದ್ದು ‘ಪ್ರತಿ ಬಾರಿ ಕೇಳು’ ಎಂದಿಟ್ಟಿದ್ದರೆ, ಯಾವ ಸಿಮ್ ಎಂಬ ಪ್ರಶ್ನೆಯನ್ನು ಪರದೆಯ ಮೇಲಿಟ್ಟುಕೊಂಡು ಫೋನು ಸುಮ್ಮನಾಗುತ್ತದೆ. ಕಣ್ಣು ಕಾಣದ ಹಿರಿಯರಿಗೆ, ಗಾಡಿ ಓಡಿಸುವವರಿಗೆ ಇದು ಕರೆ ಹೋಗದ ಹಾಗೆಯೇ. ಕರೆಗೆ ಒಂದು ಸಿಮ್ ಖಾಯಂ ಮಾಡಿಬಿಡಿ. ಎರಡನೆಯದು ಅನುಮತಿ: ಮೈಕ್, ಫೋನ್, ಕಾಂಟ್ಯಾಕ್ಟ್ಸ್ ಮೂರೂ ಬೇಕು. ಆಂಡ್ರಾಯ್ಡ್ 11ರಿಂದ ಈಚೆಗೆ ತಿಂಗಳುಗಟ್ಟಲೆ ಬಳಸದ ಆಪ್‌ನ ಅನುಮತಿಗಳನ್ನು ಫೋನೇ ವಾಪಸ್ ಪಡೆಯುತ್ತದೆ. ಬ್ಯಾಟರಿ ಸೇವರ್ ಹಾಕಿದರೆ ‘ಹೇ ಗೂಗಲ್’ ಎಂಬ ಕೂಗಿಗೆ ಓಗೊಡುವುದು ನಿಲ್ಲಬಹುದು. ಲಾಕ್ ಆದ ಫೋನಿನಿಂದ ಕರೆ ಹೋಗಬೇಕಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಕೊಡಬೇಕು; ಮೇಜಿನ ಮೇಲಿಟ್ಟ ಫೋನಿನಿಂದ ಬೇರೆಯವರೂ ಕರೆ ಮಾಡಬಹುದು ಎಂಬುದನ್ನು ನೆನಪಿಟ್ಟುಕೊಂಡೇ ಕೊಡಿ.

ನೆಟ್ವರ್ಕಿನದು ಇನ್ನೊಂದು ವಿಚಿತ್ರ. ಕರೆಗೆ ಡೇಟಾ ಬೇಕಿಲ್ಲ, ಆದರೆ ಮಾತನ್ನು ಸರ್ವರಿಗೆ ಕಳಿಸಿ ಗುರುತಿಸಲು ಬೇಕು. ಆದ್ದರಿಂದಲೇ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆರಳಿನಿಂದ ಮಾಡಿದರೆ ಹೋಗುವ ಕರೆ, ಬಾಯಿಯಿಂದ ಹೇಳಿದರೆ ಹೋಗದು. ಫೋನಿನೊಳಗೇ ಮಾತು ಗುರುತಿಸುವ 80 ಎಂಬಿಯ ಮಾದರಿಯನ್ನು ಗೂಗಲ್ 2019ರ ಮಾರ್ಚಿನಲ್ಲಿ ತನ್ನ ಕೀಬೋರ್ಡ್ ಆಪ್ ಜಿಬೋರ್ಡ್‌ಗೆ ತಂದಾಗ ಅದು ಅಮೆರಿಕನ್ ಇಂಗ್ಲಿಷಿಗೆ, ಅದೂ ಗೂಗಲ್‌ನದೇ ಪಿಕ್ಸೆಲ್ ಫೋನುಗಳಿಗೆ ಮಾತ್ರ ಇತ್ತು.

ಡೇಟಾ ಇಲ್ಲದವರಿಗೆಂದು ಅದೇ ವರ್ಷ ಗೂಗಲ್, ವೊಡಾಫೋನ್-ಐಡಿಯಾ ಜೊತೆ ಸೇರಿ ಟೋಲ್-ಫ್ರೀ ಅಸಿಸ್ಟೆಂಟ್ ತಂದಿತು: ಮಾಮೂಲಿ ಕರೆ ಮಾಡಿ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೇಳಬಹುದಿತ್ತು. ಪ್ರಯೋಗ ನಡೆದ ಊರುಗಳು ಲಖನೌ ಮತ್ತು ಕಾನ್ಪುರ. ಇಂಥದ್ದು ಕನ್ನಡದಲ್ಲೂ ನಡೆದಿದೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನವರು ರೈತರ ದನಿಗಳನ್ನೇ ಸಂಗ್ರಹಿಸಿ, ಫೋನ್ ಮಾಡಿ ಕೇಳಿದರೆ ಕೃಷಿ ಉತ್ಪನ್ನದ ಧಾರಣೆ ಮತ್ತು ಹವಾಮಾನ ತಿಳಿಸುವ ವ್ಯವಸ್ಥೆ ಕಟ್ಟಿದ್ದರು. ಫೋನ್ ಲೈನಿನ ಮೇಲೆ ಈ ಕೆಲಸ ಆಪ್‌ಗಿಂತ ಕಷ್ಟ. ಹಳೆಯ ಮಾದರಿಯ ಕರೆಯಲ್ಲಿ ದಾಟುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು; ‘ಸ’ಕಾರದ ಸುಂಯ್‌ಗುಟ್ಟುವಿಕೆ ಹೆಚ್ಚಾಗಿ ಅದರಾಚೆಗೆ ಇರುವುದರಿಂದ ದಾರಿಯಲ್ಲೇ ಕಳೆದುಹೋಗುತ್ತದೆ.

ಕಸ್ಟಮರ್ ಕೇರ್‌ಗೆ ಕರೆ ಮಾಡುವಾಗ ಮಾತ್ರ ದನಿಯನ್ನು ಕುರುಡಾಗಿ ನಂಬಬಾರದು. ‘ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಕಾಲ್ ಮಾಡು’ ಎಂದರೆ, ಆ ಹೆಸರು ನಿಮ್ಮಲ್ಲಿ ಸೇವ್ ಆಗಿಲ್ಲದಿದ್ದಾಗ ಫೋನು ಇಂಟರ್‌ನೆಟ್‌ನಲ್ಲಿ ಹುಡುಕಲು ಹೊರಡುತ್ತದೆ. ನಕಲಿ ನಂಬರು ಹಾಕಿ ಕಾಯುವ ವಂಚಕರು ಇರುವುದು ಅಲ್ಲೇ. ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂದೆ ಅಚ್ಚಾದ ನಂಬರನ್ನು ಮೊದಲೇ ಕನ್ನಡದ ಹೆಸರಲ್ಲಿ ಸೇವ್ ಮಾಡಿಡಿ. ಜೊತೆಗೆ ಸೈಬರ್ ವಂಚನೆಯ ದೂರಿಗೆ 1930, ತುರ್ತಿಗೆ 112.

ಕರೆ ಸಿಕ್ಕ ಮೇಲೆ ‘ಕನ್ನಡಕ್ಕಾಗಿ ಇಷ್ಟು ಒತ್ತಿ’ ಎಂಬ ಮೆನು ಶುರುವಾಗುತ್ತದೆ, ಅಲ್ಲಿ ಅಸಿಸ್ಟೆಂಟ್ ನಿಮ್ಮ ಪರವಾಗಿ ಒತ್ತುವುದಿಲ್ಲ. ಅದಕ್ಕೊಂದು ಹಳೆಯ ಉಪಾಯವಿದೆ. ನಂಬರಿನ ಕೊನೆಗೆ ಅಲ್ಪವಿರಾಮ (,) ಹಾಕಿ ಒತ್ತಬೇಕಾದ ಅಂಕಿ ಬರೆದರೆ, ಕರೆ ಸಿಕ್ಕ ಮೇಲೆ ಫೋನು ಸುಮಾರು 2 ಸೆಕೆಂಡು ತಡೆದು ಆ ಅಂಕಿಯನ್ನು ತಾನೇ ಒತ್ತುತ್ತದೆ. ಸ್ವಾಗತದ ಮಾತು ಉದ್ದವಿದ್ದರೆ ಎರಡು ಮೂರು ಅಲ್ಪವಿರಾಮ ಬೇಕು. ಅರ್ಧವಿರಾಮ (;) ಹಾಕಿದರೆ ನೀವು ಹೂಂ ಎನ್ನುವವರೆಗೆ ಕಾಯುತ್ತದೆ. ಎಷ್ಟು ವಿರಾಮ ಬೇಕೆಂಬುದು ಒಮ್ಮೆ ಕರೆ ಮಾಡಿ ಕೇಳಿಸಿಕೊಂಡರೇ ಗೊತ್ತಾಗುವುದು. ಪಿನ್, ಖಾತೆ ಸಂಖ್ಯೆಗಳನ್ನು ಹೀಗೆ ಸೇರಿಸಿಡಬೇಡಿ. ಕಂಪನಿಯವರು ಮೆನುವಿನ ಕ್ರಮ ಬದಲಿಸಿದರೆ ಫೋನು ಹಳೆಯ ಅಂಕಿಯನ್ನೇ ಒತ್ತಿ ನಿಮ್ಮನ್ನು ಸಾಲದ ವಿಭಾಗಕ್ಕೋ ಹಿಂದಿಗೋ ದಾಟಿಸಿರುತ್ತದೆ. ಆಗ ವಿರಾಮದಾಚೆಯ ಅಂಕಿಗಳನ್ನು ಅಳಿಸಿ ಹೊಸದಾಗಿ ಹಾಕಬೇಕು.